ಹಾಜರಿದ್ದೂ ಗೈರುಹಾಜರಾದವರ ಕಾವ್ಯ

1950ರಲ್ಲಿ ಇಸ್ರೇಲಿನ ಸಂಸತ್ತು ಒಂದು ಕಾಯ್ದೆ ಮಾಡಿತು. ಗೈರುಹಾಜರಾದವರ ಆಸ್ತಿ ಕಾಯ್ದೆ ಎಂದು ಅದರ ಹೆಸರು. 1948ರ ಯುದ್ಧದಲ್ಲಿ ಊರು ಬಿಟ್ಟ ಪ್ಯಾಲೆಸ್ತೀನಿಯರ ಮನೆ, ಹೊಲ, ತೋಟಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳಲು ಮಾಡಿದ ಕಾಯ್ದೆ. ಏಳು ಲಕ್ಷಕ್ಕೂ ಹೆಚ್ಚು ಜನ ಆಗ ನಿರಾಶ್ರಿತರಾದರು, ನಾನೂರಕ್ಕೂ ಹೆಚ್ಚು ಹಳ್ಳಿಗಳು ಬರಿದಾದವು. ಊರು ಬಿಟ್ಟವರೆಲ್ಲ ಗಡಿ ದಾಟಿರಲಿಲ್ಲ. ಕೆಲವರು ಪಕ್ಕದ ಹಳ್ಳಿಯಲ್ಲೋ ಹತ್ತಿರದ ಪಟ್ಟಣದಲ್ಲೋ ತಂಗಿದ್ದರು. ತಮ್ಮ ಹೊಲವನ್ನು ಬೇರೆಯವರು ಉಳುವುದು ಅವರಿಗೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿತ್ತು. ಆದರೂ ಕಾಯ್ದೆಯ ಪ್ರಕಾರ ಅವರು ಅಲ್ಲಿ ಇರಲಿಲ್ಲ. ಇಂಥವರಿಗೆ ಒಂದು ಹೆಸರು ಬಂತು: ಹಾಜರಿರುವ ಗೈರುಹಾಜರಿಗಳು.

ನಮ್ಮ ಅಲಂಕಾರಶಾಸ್ತ್ರ ಓದಿದವರು ಇದನ್ನು ವಿರೋಧಾಭಾಸ ಎಂದು ಗುರುತಿಸುತ್ತಾರೆ. ಕವಿಯ ಕೈಯಲ್ಲಿ ಅದು ಅಲಂಕಾರ. ಇಲ್ಲಿ ಅದನ್ನು ಬಳಸಿದ್ದು ಆಡಳಿತ, ಬಳಸಿದ್ದು ಜಮೀನು ಕಿತ್ತುಕೊಳ್ಳಲು. ಪ್ಯಾಲೆಸ್ತೀನಿ ಕಾವ್ಯದಲ್ಲಿ ಆಲಿವ್ ಮರ, ಕೀಲಿಕೈ, ಕಳ್ಳಿ, ರೊಟ್ಟಿ ಇವೆಲ್ಲ ಹೇಗೆ ರೂಪಕಗಳಾದವು ಎಂದು ತುಂಬ ಜನ ಬರೆದಿದ್ದಾರೆ. ಮೊದಲು ರೂಪಕವಾದದ್ದು ಮನುಷ್ಯರು ಎಂಬುದು ಆ ಚರ್ಚೆಯಲ್ಲಿ ಮರೆತುಹೋಗುತ್ತದೆ. ಜೀವಂತ ಇದ್ದವರನ್ನು ಕಾಗದದ ಮೇಲೆ ಇಲ್ಲವಾಗಿಸಿದ ಭಾಷೆಯೊಂದು ಮೊದಲೇ ಅಲ್ಲಿತ್ತು. ಕವಿಗಳು ಬಂದದ್ದು ಆಮೇಲೆ. ಅವರ ಕೆಲಸ ಆ ಕಾಗದದ ಮಾತನ್ನು ಒಡೆದು ಒಳಗಿದ್ದ ಮನುಷ್ಯರನ್ನು ಹೊರತೆಗೆಯುವುದಾಗಿತ್ತು. ಅದಕ್ಕಾಗಿ ಅವರು ರೂಪಕ ಕಟ್ಟಿದ್ದೂ ಉಂಟು, ಮುಂದೆ ಒಂದು ಹಂತದಲ್ಲಿ ರೂಪಕವೇ ಬೇಡ ಎಂದದ್ದೂ ಉಂಟು. ಈ ಎರಡನೆಯ ಭಾಗವೇ ನನ್ನನ್ನು ಹೆಚ್ಚು ಕಾಡಿದೆ. ಅರಬಿ ನನಗೆ ಬರುವುದಿಲ್ಲ. ಬಹುಪಾಲು ಇಂಗ್ಲಿಷ್ ಅನುವಾದಗಳಲ್ಲಿ ಓದಿದವನ ಮಾತಿದು.

ಕವಿ ಮಹ್ಮೂದ್ ದರ್ವೀಶ್ ಅಂಥ ಒಂದು ಗೈರುಹಾಜರಿ ಮನೆಯ ಹುಡುಗ. 1941ರಲ್ಲಿ ಗೆಲಿಲಿ ಪ್ರಾಂತದ ಅಲ್-ಬಿರ್ವಾ ಎಂಬ ಹಳ್ಳಿಯಲ್ಲಿ ಹುಟ್ಟಿದ. 1948ರಲ್ಲಿ ಮನೆಯವರೊಂದಿಗೆ ಲೆಬನಾನಿಗೆ ಓಡಿಹೋದ. ಒಂದು ವರ್ಷದ ಬಳಿಕ ಅವರೆಲ್ಲ ಕದ್ದುಮುಚ್ಚಿ ಗಡಿ ದಾಟಿ ಹಿಂದಿರುಗಿದಾಗ ಊರೇ ಇರಲಿಲ್ಲ. ಮನೆಗಳನ್ನು ನೆಲಸಮ ಮಾಡಲಾಗಿತ್ತು. ಆ ಜಮೀನಿನ ಮೇಲೆ ಇಂದು ಎರಡು ಇಸ್ರೇಲಿ ವಸಾಹತುಗಳಿವೆ, ಒಂದು ಕಿಬುತ್ಸ್ ಎಂಬ ಸಾಮೂಹಿಕ ಕೃಷಿ ವಸತಿ, ಇನ್ನೊಂದು ಮೊಷಾವ್ ಎಂಬ ಸಹಕಾರಿ ಕೃಷಿ ಗ್ರಾಮ. ಜನಗಣತಿ ನಡೆದಾಗ ಈ ಕುಟುಂಬ ದೇಶದಲ್ಲಿರಲಿಲ್ಲವಾದ್ದರಿಂದ ಲೆಕ್ಕಕ್ಕೂ ಸಿಗಲಿಲ್ಲ. ದೇರ್ ಅಲ್-ಅಸದ್ ಎಂಬ ಪಕ್ಕದ ಹಳ್ಳಿಯಲ್ಲಿ ಅವರು ಸ್ವಂತ ನಾಡಿನಲ್ಲೇ ನಿರಾಶ್ರಿತರಾಗಿ ಉಳಿದರು.

ಶಾಲೆಯಲ್ಲಿ ಇಸ್ರೇಲಿನ ಸ್ವಾತಂತ್ರ್ಯ ದಿನದ ಸಮಾರಂಭ. ಹುಡುಗ ದರ್ವೀಶನಿಗೆ ಒಂದು ಪದ್ಯ ಓದಲು ಹೇಳಿದರು. ಅವನು ಯಹೂದಿ ಹುಡುಗನೊಬ್ಬನನ್ನು ಉದ್ದೇಶಿಸಿ ಬರೆದ ಪದ್ಯ ಓದಿದ. ನಿನಗೆ ಮನೆಯಿದೆ ನನಗಿಲ್ಲ, ನಿನಗೆ ಆಟಿಕೆಗಳಿವೆ ನನಗಿಲ್ಲ, ನಿನಗೆ ಹಬ್ಬವಿದೆ ನನಗಿಲ್ಲ, ನಾವಿಬ್ಬರೂ ಯಾಕೆ ಕೂಡಿ ಆಡಬಾರದು ಎಂಬ ಅರ್ಥದ್ದು. ಮರುದಿನ ಸೇನಾ ಆಡಳಿತಗಾರನಿಂದ ಕರೆ ಬಂತು. ಇಂಥದ್ದು ಬರೆಯುತ್ತಾ ಹೋದರೆ ನಿನ್ನ ಅಪ್ಪನಿಗೆ ಕಲ್ಲುಗಣಿಯಲ್ಲಿರುವ ಕೆಲಸ ತಪ್ಪಿಸುತ್ತೇನೆ ಎಂದು ಅಧಿಕಾರಿ ಬೆದರಿಸಿದ. ಹುಡುಗ ಅಳುತ್ತಾ ಮನೆಗೆ ಬಂದ. ಇಷ್ಟು ಬಲಿಷ್ಠ ದೇಶವೊಂದು ನಾನು ಬರೆದ ಪದ್ಯಕ್ಕೆ ಯಾಕೆ ತಲೆಕೆಡಿಸಿಕೊಂಡಿತು ಎಂಬ ಪ್ರಶ್ನೆ ಅಲ್ಲಿಂದ ತನ್ನ ಜೊತೆಗೇ ಬಂತೆಂದು ದರ್ವೀಶ್ ದೊಡ್ಡವನಾದ ಮೇಲೆ ಹೇಳಿಕೊಂಡಿದ್ದಾನೆ. ಆ ಪದ್ಯದಲ್ಲಿ ಒಂದು ರೂಪಕವೂ ಇರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದ ಮಾತು ಅಷ್ಟೇ.

ಆ ಕಾಲದ ಪರಿಸ್ಥಿತಿ ಹೇಗಿತ್ತೆಂದರೆ, ಇಸ್ರೇಲಿನೊಳಗೆ ಉಳಿದ ಪ್ಯಾಲೆಸ್ತೀನಿಯರು 1966ರವರೆಗೆ ಸೇನಾ ಆಡಳಿತದಡಿ ಬದುಕಿದರು. ಒಂದೂರಿನಿಂದ ಇನ್ನೊಂದೂರಿಗೆ ಹೋಗಲು ಪರವಾನಗಿ ಬೇಕಿತ್ತು. ಅರಬ್ ಜಗತ್ತಿನ ಪುಸ್ತಕ, ಪತ್ರಿಕೆ ಅವರಿಗೆ ತಲುಪುವುದೇ ಕಷ್ಟ. ಇಂಥ ದಿಗ್ಬಂಧನದಲ್ಲಿ ಹಳ್ಳಿಗಳಲ್ಲಿ ಕವಿಗೋಷ್ಠಿಗಳು ಹುಟ್ಟಿಕೊಂಡವು. ಜನ ಸೇರುತ್ತಿದ್ದರು, ಕವಿಗಳು ಓದುತ್ತಿದ್ದರು, ಗೋಷ್ಠಿ ಮುಗಿಸಿದ ಕವಿ ಎಷ್ಟೋ ಸಲ ಠಾಣೆಗೆ ಹೋಗಬೇಕಾಗುತ್ತಿತ್ತು. ಅಚ್ಚಾಗದ ಪದ್ಯ ಕೇಳಿದವರ ಬಾಯಲ್ಲಿ ಊರೂರು ದಾಟುತ್ತಿತ್ತು. ಛಂದಸ್ಸು, ಪ್ರಾಸ, ಪಲ್ಲವಿಯಂತೆ ಮರಳಿ ಬರುವ ಸಾಲು ಇವೆಲ್ಲ ಅಲ್ಲಿ ನೆನಪಿಡುವ ಉಪಾಯಗಳೂ ಆಗಿದ್ದವು. ಕಾಗದವನ್ನು ಜಪ್ತಿ ಮಾಡಬಹುದು, ಕಂಠಸ್ಥವಾದದ್ದನ್ನು ಏನು ಮಾಡುವುದು?

ಈ ಗೋಷ್ಠಿಗಳಿಂದ ಬಂದವರು ದರ್ವೀಶ್, ಸಮೀಹ್ ಅಲ್-ಕಾಸಿಮ್, ತೌಫೀಕ್ ಜಯ್ಯಾದ್ ಮೊದಲಾದವರು. ಹೊರಗಿನ ಅರಬ್ ಓದುಗರಿಗೆ ಇವರನ್ನು ಪರಿಚಯಿಸಿದವನು ಅಕ್ಕಾ ಪಟ್ಟಣದಲ್ಲಿ ಹುಟ್ಟಿ ಬೇರೂತಿನಲ್ಲಿ ನೆಲೆಸಿದ್ದ ಕಾದಂಬರಿಕಾರ ಘಸ್ಸಾನ್ ಕನಫಾನಿ. 1966ರ ತನ್ನ ಅಧ್ಯಯನದಲ್ಲಿ ಅವನು ಇದನ್ನು ಪ್ರತಿರೋಧ ಸಾಹಿತ್ಯ ಎಂದು ಕರೆದ. ಆರು ವರ್ಷಗಳ ನಂತರ, 1972ರ ಜುಲೈನಲ್ಲಿ, ಬೇರೂತಿನಲ್ಲಿ ಅವನ ಕಾರಿಗಿಟ್ಟ ಬಾಂಬು ಸಿಡಿದು ಅವನೂ ಜೊತೆಗಿದ್ದ ಸೋದರಿಯ ಹದಿಹರೆಯದ ಮಗಳೂ ಸತ್ತರು. ಸಾಹಿತ್ಯಕ್ಕೆ ಹೆಸರಿಟ್ಟವನ ಕಥೆ ಹೀಗೆ ಮುಗಿಯಿತು ಎಂಬುದನ್ನು ಆ ಹೆಸರು ಬಳಸುವಾಗಲೆಲ್ಲ ನೆನೆಯಬೇಕು.

ಜಯ್ಯಾದ್ ಮುಂದೆ ನಜರೇತಿನ ಮೇಯರ್ ಆದ, 1975ರಿಂದ 1994ರಲ್ಲಿ ಸಾಯುವವರೆಗೂ ಆ ಹುದ್ದೆಯಲ್ಲಿದ್ದ. ‘ನಾವು ಇಲ್ಲೇ ಇರುತ್ತೇವೆ’ ಎನ್ನುವ ಅವನ ಪ್ರಸಿದ್ಧ ಕವಿತೆಯಲ್ಲಿ ಒಂದು ಚಿತ್ರವಿದೆ. ನಿಮ್ಮ ಗಂಟಲಲ್ಲಿ ಗಾಜಿನ ಚೂರಿನಂತೆ, ಕಳ್ಳಿಯ ಮುಳ್ಳಿನಂತೆ ಉಳಿಯುತ್ತೇವೆ ಎನ್ನುತ್ತಾನೆ. ಅದರ ಪಕ್ಕದಲ್ಲೇ ಹೋಟೆಲುಗಳಲ್ಲಿ ಎಂಜಲು ತಟ್ಟೆ ತೊಳೆಯುತ್ತೇವೆ, ಒಡೆಯರ ಲೋಟ ತುಂಬುತ್ತೇವೆ, ಅಡುಗೆಮನೆಯ ನೆಲ ಒರೆಸುತ್ತೇವೆ ಎಂಬ ಮಾತೂ ಇದೆ. ಗಂಟಲಿನ ಗಾಜಿನ ಚೂರನ್ನು ಎಲ್ಲರೂ ಉದ್ಧರಿಸುತ್ತಾರೆ. ನನಗೆ ಆ ಎಂಜಲು ತಟ್ಟೆಗಳೇ ಹೆಚ್ಚು ಮುಖ್ಯ. ಜಮೀನು ಹೋದ ರೈತನ ಮಗ ಕಟ್ಟಕಡೆಗೆ ಮಾಡುವ ಕೆಲಸವೇನು ಎಂಬುದು ಅಲ್ಲಿದೆ. ಸಿಟ್ಟಿನ ರೂಪಕಕ್ಕೆ ಬಲ ಬರುವುದು ಆ ತಟ್ಟೆಗಳಿಂದ.

ಕಳ್ಳಿಯ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಪ್ಯಾಲೆಸ್ತೀನಿ ಹಳ್ಳಿಗಳಲ್ಲಿ ಹೊಲ, ಹಿತ್ತಿಲಿಗೆ ಪಾಪಾಸುಕಳ್ಳಿಯ ಬೇಲಿ ಹಾಕುವುದು ವಾಡಿಕೆ. ಮೂಲದಲ್ಲಿ ಅದು ಅಮೆರಿಕ ಖಂಡದಿಂದ ಬಂದ ಗಿಡ, ಅಲ್ಲಿನ ಮಣ್ಣಿಗೆ ಹೊಂದಿಕೊಂಡುಬಿಟ್ಟಿತು. 1948ರ ನಂತರ ಹಳ್ಳಿಗಳನ್ನು ಕೆಡವಿದರು, ಹಲವು ಕಡೆ ಅವುಗಳ ಮೇಲೆ ಪೈನ್ ಮರಗಳ ಕಾಡು ಬೆಳೆಸಿದರು. ಆದರೆ ಕಳ್ಳಿ ಸಾಯಲಿಲ್ಲ. ಮನೆ ಹೋದರೂ ಮನೆಯ ಬೇಲಿ ಮತ್ತೆ ಚಿಗುರಿತು. ಇವತ್ತಿಗೂ ಆ ಕಾಡುಗಳಲ್ಲಿ ಸಾಲಾಗಿ ನಿಂತ ಕಳ್ಳಿ ಕಂಡರೆ ಅಲ್ಲೊಂದು ಊರಿತ್ತು ಎಂದು ಬಲ್ಲವರು ಹೇಳುತ್ತಾರೆ. ಇದೇ ಕಳ್ಳಿಹಣ್ಣಿನ ಹೆಸರಿನಿಂದಲೇ ಆ ನೆಲದಲ್ಲಿ ಹುಟ್ಟಿದ ಯಹೂದಿಗಳೂ ತಮ್ಮನ್ನು ಸಾಬ್ರಾ ಎಂದು ಕರೆದುಕೊಂಡರು: ಹೊರಗೆ ಮುಳ್ಳು, ಒಳಗೆ ಸಿಹಿ. ಒಂದೇ ಗಿಡಕ್ಕೆ ಇಬ್ಬರು ಹಕ್ಕುದಾರರು. ಹಾಗಾಗಿ ಪ್ಯಾಲೆಸ್ತೀನಿ ಕವಿ ಕಳ್ಳಿ ಎಂದು ಬರೆದಾಗ ಅದು ಪ್ರಕೃತಿ ವರ್ಣನೆಯಾಗಿ ಉಳಿಯುವುದು ಸಾಧ್ಯವಿಲ್ಲ. ಜಮೀನಿನ ಮೇರೆಯ ತಕರಾರಿನಲ್ಲಿ ಸಾಕ್ಷಿ ಕರೆದ ಹಾಗೆ ಅದು.

ದರ್ವೀಶನ 1995ರ ಸಂಕಲನದಲ್ಲಿ ತಂದೆ ಮಗ ಊರು ಬಿಟ್ಟು ಓಡುವ ರಾತ್ರಿಯ ಕವಿತೆಯಿದೆ. ಕುದುರೆಯನ್ನು ಯಾಕೆ ಒಂಟಿಯಾಗಿ ಬಿಟ್ಟುಬಂದೆ ಎಂದು ಮಗ ಕೇಳುತ್ತಾನೆ. ಮನೆಗೆ ಜೊತೆಯಿರಲಿ ಅಂತ, ಇರುವವರು ಹೋದರೆ ಮನೆ ಸತ್ತುಹೋಗುತ್ತದೆ ಮಗನೇ ಎಂದು ಅಪ್ಪ ಉತ್ತರಿಸುತ್ತಾನೆ. ಆ ಕವಿತೆಯ ಶೀರ್ಷಿಕೆಯಲ್ಲೂ ಕಳ್ಳಿಯೇ ಇದೆ. ಕೀಲಿಕೈ ಇದೆಯೇ ಎಂದು ಅಪ್ಪ ಜೇಬು ತಡವಿ ನೋಡಿಕೊಳ್ಳುವುದೂ ಅದರಲ್ಲಿ ಬರುತ್ತದೆ. ಮನೆ ಬಿಟ್ಟವರು ಬೀಗ ಹಾಕಿ ಕೀಲಿಕೈ ಜೊತೆಗೊಯ್ದದ್ದು ಚರಿತ್ರೆ, ಎಷ್ಟೋ ಕುಟುಂಬಗಳು ಆ ಕೀಲಿಕೈಗಳನ್ನು ಮೂರನೆಯ ತಲೆಮಾರಿಗೂ ದಾಟಿಸಿವೆ. ಕವಿಗೆ ಇಲ್ಲಿ ಕಲ್ಪಿಸಿಕೊಳ್ಳಲು ಏನೂ ಉಳಿದಿರಲಿಲ್ಲ.

ಅರಬಿ ಕಾವ್ಯದ ಪರಂಪರೆಯೂ ಇಲ್ಲಿ ವಿಚಿತ್ರವಾಗಿ ನಿಜವಾಯಿತು. ಇಸ್ಲಾಂಪೂರ್ವ ಕಾಲದಿಂದ ಕಸೀದಾ ಎಂಬ ಅರಬಿ ದೀರ್ಘ ಕವಿತೆ ಶುರುವಾಗುವುದೇ ಪಾಳುಬಿದ್ದ ಬಿಡಾರದ ಮುಂದೆ. ಕವಿ ಪ್ರಯಾಣದ ನಡುವೆ ಒಂಟೆ ನಿಲ್ಲಿಸಿ, ನಲ್ಲೆಯ ಕಡೆಯವರು ಡೇರೆ ಕಿತ್ತು ಹೋದ ಜಾಗದಲ್ಲಿ ನಿಂತು ಅಳುತ್ತಾನೆ. ಇಮ್ರು ಅಲ್-ಕೈಸನಿಂದ ಮೊದಲ್ಗೊಂಡು ಸಾವಿರದೈನೂರು ವರ್ಷ ಎಷ್ಟು ಕವಿಗಳು ಹೀಗೆ ಅತ್ತರೋ ಲೆಕ್ಕವಿಲ್ಲ. ನಾಗರಿಕ ಪಟ್ಟಣಗಳಲ್ಲಿ ಹಾಯಾಗಿ ಕೂತವರೂ ರೂಢಿಗೆಂದು ಅತ್ತರು. 1948ರ ನಂತರದ ಪ್ಯಾಲೆಸ್ತೀನಿ ಕವಿಯ ಎದುರಿಗೆ ಆ ರೂಢಿ ಕಲ್ಲುಮಣ್ಣಿನ ರೂಪದಲ್ಲೇ ಬಂದು ನಿಂತಿತು. 1967ರ ಯುದ್ಧದ ಬಳಿಕ ನಾಬ್ಲಸ್ಸಿನ ಫದ್ವಾ ತೂಕಾನ್ ಜಾಫಾ ಪಟ್ಟಣಕ್ಕೆ ಬಂದು ಅಲ್ಲಿ ಕುಸಿದ ಮನೆಗಳ ಮುಂದೆ ನಿಂತು ಬರೆದ ಕವಿತೆಯಲ್ಲಿ ಆ ಹಳೆಯ ಕಸೀದಾದ ಮಾತೇ ಮರಳಿ ಕೇಳುತ್ತದೆ: ನಿಲ್ಲಿರಿ ಕಣ್ಣುಗಳೇ, ಅಳೋಣ. ಫದ್ವಾಳನ್ನು ಎಳೆ ವಯಸ್ಸಿನಲ್ಲೇ ಶಾಲೆ ಬಿಡಿಸಿದ್ದರು. ಅವಳಿಗೆ ಹಳೆಯ ಕಾವ್ಯ ಬಾಯಿಪಾಠ ಮಾಡಿಸಿ ಛಂದಸ್ಸು ಕಲಿಸಿದವನು ಅಣ್ಣ ಇಬ್ರಾಹಿಂ ತೂಕಾನ್. 1930ರಲ್ಲಿ ಬ್ರಿಟಿಷರು ಅಕ್ಕಾ ಜೈಲಿನಲ್ಲಿ ಮೂವರನ್ನು ಗಲ್ಲಿಗೇರಿಸಿದಾಗ ಅದರ ಮೇಲೆ ಕವಿತೆ ಬರೆದವನು, ‘ಮೌತಿನಿ’ ಎಂಬ ನಾಡಗೀತೆಯ ಕರ್ತೃ. ಆ ಗೀತೆ ಈಗ ಇರಾಕಿನ ರಾಷ್ಟ್ರಗೀತೆ. ಅಣ್ಣ ಮನೆಯಲ್ಲೇ ಕಲಿಸಿಕೊಟ್ಟ ಪರಂಪರೆ ತಂಗಿಗೆ ಜಾಫಾದ ಅವಶೇಷಗಳ ನಡುವೆ ಉಪಯೋಗಕ್ಕೆ ಬಂತು.

ಸೆನ್ಸಾರಿನ ಬಗ್ಗೆ ಒಂದು ಮಾತು. 1967ರ ಆಗಸ್ಟಿನಲ್ಲಿ ಇಸ್ರೇಲಿ ಸೇನೆ ತಾನು ಆಗತಾನೆ ಆಕ್ರಮಿಸಿದ ಪಶ್ಚಿಮ ದಂಡೆಯಲ್ಲಿ 101ನೆಯ ಸೇನಾ ಆದೇಶ ಹೊರಡಿಸಿತು. ಪರವಾನಗಿಯಿಲ್ಲದೆ ಹತ್ತು ಜನ ರಾಜಕೀಯ ಮಾತಿಗೆ ಸೇರುವಂತಿಲ್ಲ, ಬಾವುಟ ಹಿಡಿಯುವಂತಿಲ್ಲ, ರಾಜಕೀಯ ಅರ್ಥವಿರುವ ಬರಹ, ಚಿತ್ರ ಪ್ರಕಟಿಸುವಂತಿಲ್ಲ. 1980ರಲ್ಲಿ ರಮಲ್ಲಾದ ಒಂದು ಕಲಾ ಪ್ರದರ್ಶನ ಮುಚ್ಚಿಸಿದ ಅಧಿಕಾರಿ ಪ್ಯಾಲೆಸ್ತೀನಿ ಬಾವುಟದ ಕೆಂಪು, ಹಸಿರು, ಕಪ್ಪು, ಬಿಳಿ ಬಣ್ಣಗಳನ್ನು ಒಟ್ಟಿಗೆ ಬಳಸಬೇಡಿ, ಕಲ್ಲಂಗಡಿ ಹಣ್ಣು ಬರೆದರೂ ಜಪ್ತಿ ಮಾಡುತ್ತೇವೆ ಎಂದನೆಂದು ಕಲಾವಿದ ಸ್ಲಿಮಾನ್ ಮನ್ಸೂರ್ ನೆನಪಿಸಿಕೊಂಡಿದ್ದಾರೆ. ಕಲ್ಲಂಗಡಿ ಇವತ್ತು ಜಗತ್ತಿನ ಬೀದಿ ಬೀದಿಯಲ್ಲಿ ಪ್ಯಾಲೆಸ್ತೀನಿನ ಗುರುತಾಗಿದೆ. ಯಾವುದು ನಿಷಿದ್ಧವೋ ಅದೇ ಅರ್ಥ ತುಂಬಿಕೊಳ್ಳುತ್ತದೆ, ಎಲ್ಲ ಸೆನ್ಸಾರುಗಳ ಹಣೆಬರಹ ಇದು.

ಆದರೆ ಇದರಲ್ಲೊಂದು ಅಪಾಯವೂ ಇದೆ. ಅದನ್ನು ಎಲ್ಲರಿಗಿಂತ ಮೊದಲು ಕಂಡವನು ದರ್ವೀಶನೇ.

ಅವನ 1964ರ ‘ಗುರುತಿನ ಚೀಟಿ’ ಕವಿತೆ ಎಲ್ಲರಿಗೂ ಗೊತ್ತು. ಬರೆದುಕೋ, ನಾನು ಅರಬ ಎಂದು ಶುರುವಾಗುತ್ತದೆ. ಎಂಟು ಮಕ್ಕಳು, ಒಂಬತ್ತನೆಯದು ಬೇಸಿಗೆ ಕಳೆದ ಮೇಲೆ ಬರಲಿದೆ, ಗಣಿಯಲ್ಲಿ ಕಲ್ಲು ಒಡೆಯುವ ಕೆಲಸ, ಮನೆ ಎಂದರೆ ಕಾವಲುಗಾರನ ಗುಡಿಸಲಿನಂಥದ್ದು. ಕಚೇರಿಯ ಗುಮಾಸ್ತನೊಬ್ಬನಿಗೆ ಆ ಮೊದಲ ಸಾಲನ್ನು ತಾನು ನಿಜವಾಗಿಯೂ ಹೇಳಿದ್ದು ಹೀಬ್ರೂ ಭಾಷೆಯಲ್ಲಿ, ಅವನನ್ನು ಕೆಣಕಲು ಎಂದು ದರ್ವೀಶ್ ಮುಂದೆ ವಿವರಿಸಿದ್ದಾನೆ. ಹಾಗೆ ನೋಡಿದರೆ ಈ ಕವಿತೆಯ ರೂಪವೇ ಒಂದು ಅರ್ಜಿ ನಮೂನೆ. ಹೆಸರು, ಸಂಖ್ಯೆ, ಮಕ್ಕಳು, ಕಸುಬು, ವಿಳಾಸ, ಕೂದಲ ಬಣ್ಣ. ಸರ್ಕಾರದ ನಮೂನೆಯನ್ನೇ ತುಂಬುತ್ತಾ ಹೋಗಿ, ಅದರಲ್ಲಿ ಸರ್ಕಾರ ಕೇಳದೇ ಇದ್ದದ್ದನ್ನೆಲ್ಲ ಬರೆಯುತ್ತಾನೆ: ನನ್ನ ಬೇರುಗಳು ಆಲಿವ್ ಮರಗಳಿಗಿಂತ ಹಳೆಯವು, ನನ್ನ ಹಸಿವಿನ ಬಗ್ಗೆ ಎಚ್ಚರ. ಗೈರುಹಾಜರಿ ಎಂದು ಬರೆದುಕೊಂಡಿದ್ದ ಕಚೇರಿಯಲ್ಲಿ ಹಾಜರಿ ಹಾಕಿಸುವ ಕವಿತೆ ಅದು. ಐವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ, 2016ರಲ್ಲಿ, ಇಸ್ರೇಲಿನ ಸೇನಾ ರೇಡಿಯೊ ಒಂದು ಕಾರ್ಯಕ್ರಮದಲ್ಲಿ ಈ ಕವಿತೆಯನ್ನು ಚರ್ಚಿಸಿತು. ರಕ್ಷಣಾ ಸಚಿವ ಅವಿಗ್ಡೋರ್ ಲೀಬರ್‌ಮನ್ ಆ ಕೇಂದ್ರದ ಮುಖ್ಯಸ್ಥನನ್ನು ಕರೆಸಿಕೊಂಡರು, ಹೀಗಾದರೆ ಹಿಟ್ಲರನ ಪುಸ್ತಕದ ಗುಣಗಾನವನ್ನೂ ಪ್ರಸಾರ ಮಾಡಬಹುದಲ್ಲ ಎಂಬ ಧಾಟಿಯಲ್ಲಿ ಹೋಲಿಸಿದರು.

ಇಷ್ಟು ದೊಡ್ಡ ಕವಿತೆಯನ್ನು ಕವಿಯೇ ನಂತರ ಓದಲು ಒಪ್ಪುತ್ತಿರಲಿಲ್ಲ. ಸಭೆಗಳಲ್ಲಿ ಜನ ಅದನ್ನೇ ಕೇಳುತ್ತಿದ್ದರು, ಅವನು ಬೇರೆ ಓದುತ್ತಿದ್ದ. 1969ರಲ್ಲೇ, ಇನ್ನೂ ಹೈಫಾದಲ್ಲಿದ್ದಾಗ, ಅರಬ್ ವಿಮರ್ಶಕರಿಗೆ ಒಂದು ಲೇಖನ ಬರೆದಿದ್ದ. ಈ ಕ್ರೂರ ಪ್ರೀತಿಯಿಂದ ನಮ್ಮನ್ನು ಕಾಪಾಡಿ ಎಂಬುದು ಅದರ ತಲೆಬರಹ. ಪ್ಯಾಲೆಸ್ತೀನಿ ಎಂಬ ಕಾರಣಕ್ಕೇ ನಮ್ಮ ಪದ್ಯಗಳನ್ನು ಹೊಗಳಬೇಡಿ, ಕವಿತೆಗಳನ್ನು ಕವಿತೆಗಳ ಹಾಗೆ ಅಳೆಯಿರಿ ಎಂಬ ಒತ್ತಾಯ. ಜೈಲಿನಲ್ಲಿದ್ದಾಗ ತಾಯಿಯ ರೊಟ್ಟಿಗೂ ಕಾಫಿಗೂ ಹಂಬಲಿಸಿ ಬರೆದ ಅವನ ಪುಟ್ಟ ಕವಿತೆಯನ್ನು ಲೆಬನಾನಿನ ಮಾರ್ಸೆಲ್ ಖಲೀಫೆ ಹಾಡಿ ಅರಬ್ ಜಗತ್ತಿಗೆಲ್ಲ ಹಂಚಿದ. ಕೇಳಿದವರೆಲ್ಲ ಆ ತಾಯಿ ಪ್ಯಾಲೆಸ್ತೀನ್ ಎಂದುಕೊಂಡರು. ನಾನು ಬರೆದದ್ದು ನನ್ನ ಅಮ್ಮನ ಬಗ್ಗೆ ಎಂದು ದರ್ವೀಶ್ ಮತ್ತೆ ಮತ್ತೆ ಹೇಳಬೇಕಾಯಿತು.

ಈ ಅಸಮಾಧಾನವನ್ನು ಖ್ಯಾತ ಕವಿಯ ಮುನಿಸು ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಒಂದು ಕಡೆ ಸರ್ಕಾರ ಅವನನ್ನು ಗೈರುಹಾಜರಿ ಎಂದಿತು. ಇನ್ನೊಂದು ಕಡೆ ಅವನನ್ನು ಪ್ರೀತಿಸಿದವರು ಅವನ ತಾಯಿಯನ್ನೂ ತಾಯಿಯಾಗಿ ಉಳಿಯಗೊಡದೆ ನಾಡಿನ ಪ್ರತಿಮೆ ಮಾಡಿದರು. ಎರಡೂ ಕಡೆಯಿಂದ ಅವನ ಮನೆಯ ಹೆಂಗಸೊಬ್ಬಳು, ಹೆಸರು ಮುಖ ಇರುವವಳು, ಮರೆಯಾದಳು. ವಿರೋಧಿಯ ಭಾಷೆಯಿಂದ ಬಿಡಿಸಿಕೊಂಡರೆ ಸಾಲದು, ಅಭಿಮಾನಿಯ ಭಾಷೆಯಿಂದಲೂ ಬಿಡಿಸಿಕೊಳ್ಳಬೇಕಿತ್ತು.

ಹೇಗೆ ಬಿಡಿಸಿಕೊಂಡ ಎಂಬುದಕ್ಕೆ ನನ್ನ ಮಟ್ಟಿಗೆ ಅತ್ಯುತ್ತಮ ಉದಾಹರಣೆ ಗದ್ಯದಲ್ಲಿದೆ. 1982ರಲ್ಲಿ ಇಸ್ರೇಲಿ ಸೇನೆ ಬೇರೂತನ್ನು ಮುತ್ತಿದಾಗ ದರ್ವೀಶ್ ಆ ಊರಲ್ಲೇ ಇದ್ದ. ಆ ಆಗಸ್ಟಿನ ಒಂದೇ ಒಂದು ದಿನವನ್ನು ಕುರಿತು ಅವನು ಬರೆದ ಪುಸ್ತಕದ ಆರಂಭದ ಪುಟಗಳು ಕಾಫಿಯ ಬಗ್ಗೆ. ಬೆಳಗಿನ ಜಾವ, ಸಮುದ್ರದಿಂದ ಶೆಲ್ಲುಗಳು ಬೀಳುತ್ತಿವೆ, ಅಡುಗೆಮನೆಯ ಗಾಜು ಸಮುದ್ರಕ್ಕೇ ಮುಖ ಮಾಡಿದೆ. ಅವನಿಗೆ ಕಾಫಿ ಬೇಕು. ಅಡುಗೆಮನೆಯವರೆಗೆ ಹೋಗುವುದು ಹೇಗೆ? ಎರಡು ಶೆಲ್ಲುಗಳ ನಡುವೆ ಎಷ್ಟು ಹೊತ್ತು ಸಿಗುತ್ತದೆ, ಅಷ್ಟರಲ್ಲಿ ನೀರು ಕುದಿಯುತ್ತದೆಯೇ? ತನಗೊಂದು ಐದು ನಿಮಿಷದ ಕದನವಿರಾಮ ಬೇಕು, ಕಾಫಿಗಾಗಿ ಮಾತ್ರ, ಎನ್ನುತ್ತಾನೆ. ಆಮೇಲೆ ಪುಡಿ ಎಷ್ಟು, ನೊರೆ ಏಳುವಾಗ ಚಮಚ ಹೇಗೆ ಆಡಿಸಬೇಕು, ಎಷ್ಟು ಸಲ ಉರಿಯಿಂದ ಇಳಿಸಬೇಕು, ಬೇರೆಯವರು ಮಾಡಿದ ಕಾಫಿ ಯಾಕೆ ತನ್ನದಾಗುವುದಿಲ್ಲ ಎಂದು ಪುಟಗಟ್ಟಲೆ ಬರೆಯುತ್ತಾನೆ.

ಅಲ್ಲಿ ಕಾಫಿ ಯಾವುದಕ್ಕೂ ಸಂಕೇತವಲ್ಲ. ತಾಯ್ನಾಡಲ್ಲ, ಸ್ವಾತಂತ್ರ್ಯವಲ್ಲ. ಕಾಫಿ ಕಾಫಿಯೇ. ಬೆಳಿಗ್ಗೆ ಎದ್ದ ಮನುಷ್ಯನಿಗೆ ಬೇಕಾಗುವ ಕಾಫಿ. ಬಾಂಬು ಹಾಕುವವನು ಕೆಳಗಿರುವುದು ಗುರಿ ಎಂದುಕೊಂಡಿದ್ದಾನೆ, ಕೆಳಗಿರುವವನು ಡಿಕಾಕ್ಷನ್ನಿನ ಹದ ನೋಡುತ್ತಿದ್ದಾನೆ. ಕೆಳಗಿರುವುದು ಮನುಷ್ಯ ಎಂದು ಸಾಧಿಸಲು ಇದಕ್ಕಿಂತ ದೊಡ್ಡ ಪುರಾವೆ ಬೇಡ. ಘೋಷಣೆಯ ಪದ್ಯಗಳನ್ನು ಓದಿ ಮೈ ಬಿಸಿಯಾಗಿದ್ದು ನಿಜ. ಈ ಕಾಫಿಯ ಪುಟಗಳನ್ನು ಓದಿದಾಗ ಮಾತ್ರ ಆ ನಗರದ ಮೇಲೆ ಬೀಳುತ್ತಿದ್ದದ್ದೇನು ಎಂದು ನನಗೆ ಅರ್ಥವಾಯಿತು.

2006ರಲ್ಲಿ, ಸಾಯುವ ಎರಡು ವರ್ಷ ಮೊದಲು, ದರ್ವೀಶ್ ಬರೆದ ಆತ್ಮಕಥನದಂಥ ಪುಸ್ತಕದ ಹೆಸರು ‘ಗೈರುಹಾಜರಿಯ ಸಮ್ಮುಖದಲ್ಲಿ’. 1950ರ ಕಾಯ್ದೆಯಿಂದ ಹುಟ್ಟಿದ ಆ ಎರಡು ಶಬ್ದಗಳನ್ನು ಅವನು ಬಿಡಲಿಲ್ಲ, ಕೊನೆಗೆ ತನ್ನದೇ ಪುಸ್ತಕದ ಮುಖಪುಟಕ್ಕೆ ತಂದು ಕೂರಿಸಿದ.

ದರ್ವೀಶನ ನೆರಳಿನಲ್ಲಿ ಮರೆಯಾಗುವ, ಹಾಗಾಗಬಾರದ ಕವಿ ತಾಹಾ ಮುಹಮ್ಮದ್ ಅಲಿ. 1931ರಲ್ಲಿ ಸಫ್ಫೂರಿಯಾ ಹಳ್ಳಿಯಲ್ಲಿ ಹುಟ್ಟಿದವನು. 1948ರ ಜುಲೈನಲ್ಲಿ ಆ ಊರಿನ ಮೇಲೆ ಬಾಂಬು ಬಿತ್ತು, ಮನೆಯವರು ಲೆಬನಾನಿಗೆ ಹೋದರು, ಮರಳಿ ಬಂದು ನಜರೇತಿನಲ್ಲಿ ನೆಲೆಸಿದರು. ಶಾಲೆ ಕಲಿತದ್ದು ಕಡಿಮೆ. ಚರ್ಚಿನ ಹತ್ತಿರ ಯಾತ್ರಿಕರಿಗೆ ನೆನಪಿನ ಕಾಣಿಕೆಗಳನ್ನು ಮಾರುವ ಅಂಗಡಿ ಇಟ್ಟುಕೊಂಡು, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತಾನೇ ಓದಿ ಕಲಿತ. ಮೊದಲ ಸಂಕಲನ ಬಂದಾಗ ವಯಸ್ಸು ಐವತ್ತು ದಾಟಿತ್ತು. ಅವನ ಪದ್ಯಗಳಲ್ಲಿ ಛಂದಸ್ಸಿಲ್ಲ, ಕಟ್ಟೆಯ ಮೇಲೆ ಕೂತು ಹೇಳುವ ಕಥೆಯ ಧಾಟಿ. ಅಬ್ದುಲ್ ಹಾದಿ ಎಂಬ ಹಳ್ಳಿಗನ ಪದ್ಯವೊಂದಿದೆ. ಓದು ಬರಹ ಬಾರದ, ಯಾರಿಗೂ ಕೇಡು ಬಯಸದ ಅವನಿಗೆ ಅಮೆರಿಕದ ಯುದ್ಧನೌಕೆ ಎಂಟರ್‌ಪ್ರೈಸಿನ ಸಿಬ್ಬಂದಿಯೆಲ್ಲ ಎದುರಾದರೂ ಅವರಿಗೆ ಮೊಟ್ಟೆ ಕರಿದು ತಾಜಾ ಗಟ್ಟಿಮೊಸರು ಬಡಿಸುತ್ತಿದ್ದ ಎನ್ನುತ್ತಾನೆ ಕವಿ. ಇಂಥವನ ಮೇಲೆ ಮಹಾಶಕ್ತಿಗಳು ಯುದ್ಧ ಹೂಡಿವೆ.

2006ರಲ್ಲಿ ಬರೆದ ‘ಸೇಡು’ ಎಂಬ ಪದ್ಯ ಇನ್ನೂ ಮೇಲಿನದು. ನನ್ನ ಅಪ್ಪನನ್ನು ಕೊಂದವನ ಜೊತೆ ದ್ವಂದ್ವಯುದ್ಧ ಮಾಡಬೇಕು ಎಂದು ಶುರುಮಾಡುತ್ತಾನೆ. ಆದರೆ ಅವನಿಗೊಬ್ಬ ತಾಯಿ ಕಾಯುತ್ತಿದ್ದರೆ? ಕಾಲು ಗಂಟೆ ತಡವಾದರೂ ಎದೆ ಮೇಲೆ ಕೈಯಿಡುವ ತಂದೆಯಿದ್ದರೆ? ಹಾಗಾದರೆ ನಾನು ಕೊಲ್ಲಲಾರೆ. ಗೆಳೆಯರಿದ್ದರೆ, ಹೆಂಡತಿ ಮಕ್ಕಳಿದ್ದರೆ, ಅಕ್ಕಪಕ್ಕದವರಿದ್ದರೆ, ಆಗಲೂ ಇಲ್ಲ. ಹೀಗೆ ಒಬ್ಬೊಬ್ಬರನ್ನೇ ಸೇರಿಸುತ್ತಾ ಹೋಗಿ, ಕೊನೆಗೆ ಅವನು ಯಾರೂ ಇಲ್ಲದ ಒಂಟಿಯಾಗಿದ್ದರೆ ಎಂಬಲ್ಲಿಗೆ ಬರುತ್ತಾನೆ. ಆಗ ಬೀದಿಯಲ್ಲಿ ಎದುರಾದರೂ ಅವನತ್ತ ನೋಡದೆ ಹೋಗುತ್ತೇನೆ, ನೋಡದಿರುವುದೇ ನನ್ನ ಸೇಡು ಎಂದು ಮುಗಿಸುತ್ತಾನೆ. ಶತ್ರುವನ್ನು ಶತ್ರು ಎಂಬ ಒಂದೇ ಶಬ್ದದಿಂದ ಬಿಡಿಸಿ, ಅವನಿಗೆ ಒಂದು ಮನೆ, ಒಂದು ಓಣಿ ಕೊಡುವ ಪದ್ಯ. ತನಗೆ ಯಾರೂ ಮಾಡದೇ ಇದ್ದದ್ದನ್ನು ಅವನು ಎದುರಾಳಿಗೆ ಮಾಡುತ್ತಾನೆ. ಪ್ರತಿರೋಧ ಎಂದರೆ ಇದೂ ಹೌದೇ ಎಂದು ಕೇಳುವವರಿದ್ದಾರೆ. ಹೌದು ಎಂದೇ ನಾನು ನಂಬುತ್ತೇನೆ. ಊರು ಕಳೆದುಕೊಂಡವನು ತನ್ನ ನೋಟವನ್ನು ಕಳೆದುಕೊಳ್ಳಲು ಒಪ್ಪಲಿಲ್ಲ.

ಭಾಷೆಯೇ ಕಟಕಟೆ ಹತ್ತಿದ ಪ್ರಸಂಗವನ್ನೂ ಹೇಳಬೇಕು. ನಜರೇತಿನ ಬಳಿಯ ಊರೊಂದರ ಕವಯಿತ್ರಿ, ಛಾಯಾಗ್ರಾಹಕಿ ದಾರೀನ್ ತಾತೂರ್ ಅವರನ್ನು 2015ರ ಅಕ್ಟೋಬರಿನಲ್ಲಿ ಬಂಧಿಸಿದರು. ಎದ್ದು ನಿಲ್ಲಿ, ಪ್ರತಿರೋಧಿಸಿ ಎಂದು ತನ್ನ ಜನರಿಗೆ ಹೇಳುವ ಕವಿತೆಯನ್ನು ಅಂತರ್ಜಾಲದಲ್ಲಿ ಹಾಕಿದ್ದು ಮುಖ್ಯ ಆರೋಪ. ಕೆಲವು ತಿಂಗಳು ಜೈಲು, ಆಮೇಲೆ ದೀರ್ಘ ಗೃಹಬಂಧನ, ಇಂಟರ್ನೆಟ್ ಮುಟ್ಟುವಂತಿಲ್ಲ. ನ್ಯಾಯಾಲಯಕ್ಕೆ ಆ ಅರಬಿ ಕವಿತೆಯನ್ನು ಹೀಬ್ರೂ ಭಾಷೆಗೆ ಅನುವಾದಿಸಿ ಕೊಟ್ಟವನು ಒಬ್ಬ ಪೊಲೀಸ್. ವೃತ್ತಿಪರ ಅನುವಾದಕರು, ಸಾಹಿತ್ಯದ ಪ್ರಾಧ್ಯಾಪಕರು ಬಂದು ಸಾಕ್ಷಿ ಹೇಳಿದರು. ಹುತಾತ್ಮ ಎಂಬರ್ಥದ ಪದ ಪ್ಯಾಲೆಸ್ತೀನಿಯರ ಬಾಯಲ್ಲಿ ದಾಳಿಗೆ ಬಲಿಯಾದ ಯಾರಿಗಾದರೂ, ಹಸುಗೂಸಿಗೂ, ಸಲ್ಲುತ್ತದೆ ಎಂಬ ವಾದ ಅಲ್ಲಿ ನಡೆಯಿತು. 2018ರಲ್ಲಿ ಐದು ತಿಂಗಳ ಶಿಕ್ಷೆಯಾಯಿತು. 2019ರ ಮೇ ತಿಂಗಳಲ್ಲಿ ಮೇಲಿನ ನ್ಯಾಯಾಲಯ ಕವಿತೆಗೆ ಸಂಬಂಧಿಸಿದ ತೀರ್ಪನ್ನು ರದ್ದುಮಾಡಿತು. ಅಷ್ಟರಲ್ಲಿ ಅವರ ಬದುಕಿನ ಮೂರು ವರ್ಷ ಹೋಗಿತ್ತು. ಪೊಲೀಸರೇ ಕಾವ್ಯಮೀಮಾಂಸೆ ಮಾಡತೊಡಗಿದರೆ ಏನಾಗುತ್ತದೆ ಎಂಬುದು ಪ್ಯಾಲೆಸ್ತೀನಿಯರ ಸಮಸ್ಯೆ ಮಾತ್ರವಲ್ಲ.

ಗಾಜಾದ ವಿಷಯಕ್ಕೆ ಬಂದಾಗ ಬರೆಯುವ ಕೈ ನಿಧಾನವಾಗುತ್ತದೆ. ರೆಫಾತ್ ಅಲ್-ಅರೀರ್ ಗಾಜಾದ ಇಸ್ಲಾಮಿಕ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುತ್ತಿದ್ದವರು, ಜಾನ್ ಡನ್ ಕವಿಯ ಮೇಲೆ ಪಿಎಚ್.ಡಿ. ಮಾಡಿದವರು. ನಾನು ಸಾಯಲೇಬೇಕಾದರೆ ನೀನು ಬದುಕಬೇಕು, ನನ್ನ ಕಥೆ ಹೇಳಲು ಎಂದು ಶುರುವಾಗುವ ಅವರ ಇಂಗ್ಲಿಷ್ ಕವಿತೆ ಹಳೆಯದು, 2023ರ ನವೆಂಬರಿನಲ್ಲಿ ಅದನ್ನು ಮತ್ತೆ ಹಂಚಿಕೊಂಡರು. ಬಿಳಿ ಬಟ್ಟೆ, ದಾರ ಕೊಂಡು ಉದ್ದ ಬಾಲದ ಗಾಳಿಪಟ ಮಾಡು, ಬೆಂಕಿಯಲ್ಲಿ ಹೋದ ಅಪ್ಪನಿಗಾಗಿ ಆಕಾಶ ನೋಡುತ್ತಿರುವ ಮಗುವಿಗೆ ಅಲ್ಲೊಬ್ಬ ದೇವದೂತ ಇದ್ದಾನೆ ಎಂದು ಒಂದು ಕ್ಷಣ ಅನಿಸಲಿ ಎನ್ನುವ ಕವಿತೆ. ಡಿಸೆಂಬರ್ 6ರಂದು ವಾಯುದಾಳಿಯಲ್ಲಿ ಅವರು ಸತ್ತರು, ಜೊತೆಗೆ ಸೋದರ, ಸೋದರಿ ಮತ್ತು ಆಕೆಯ ಮಕ್ಕಳೂ. 2024ರ ಏಪ್ರಿಲ್‌ನಲ್ಲಿ ಅವರ ಮಗಳು, ಅಳಿಯ, ಮೊಮ್ಮಗು ಇನ್ನೊಂದು ದಾಳಿಯಲ್ಲಿ ಸತ್ತರು. ಆ ಕವಿತೆ ನೂರಾರು ಭಾಷೆಗಳಿಗೆ ಹೋಯಿತು, ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಜನ ಬಿಳಿ ಗಾಳಿಪಟ ಹಿಡಿದು ಮೆರವಣಿಗೆ ಹೊರಟರು. ಬದುಕಬೇಕಾದ ಆ ಮಗಳು ಬದುಕಲಿಲ್ಲ. ಕವಿತೆಯ ಜನಪ್ರಿಯತೆ ಆ ನಷ್ಟವನ್ನು ತುಂಬುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

2023ರ ಅಕ್ಟೋಬರ್ 20ರಂದು ಖಾನ್ ಯೂನಿಸಿನಲ್ಲಿ ಮೂವತ್ತೆರಡು ವರ್ಷದ ಕವಯಿತ್ರಿ, ಕಾದಂಬರಿಗಾರ್ತಿ ಹಿಬಾ ಅಬು ನದಾ ಹೀಗೆಯೇ ಹೋದರು. ಬೈತ್ ಲಾಹಿಯಾದಲ್ಲಿ ಗ್ರಂಥಾಲಯ ಕಟ್ಟಿದ ಮೊಸಾಬ್ ಅಬು ತೋಹಾ ಬದುಕುಳಿದರು, ಬಂಧನಕ್ಕೊಳಗಾಗಿ ಹೊರಬಂದರು, 2025ರಲ್ಲ‍ಿ ಅವರ ಲೇಖನಗಳಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಅವರ ಮೊದಲ ಸಂಕಲನದಲ್ಲಿ ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಪ್ಯಾಲೆಸ್ತೀನನ್ನು ಒಂದೊಂದೇ ಅಕ್ಷರಕ್ಕೆ ವಿವರಿಸುವ ಕವಿತೆಯಿದೆ, ಮಕ್ಕಳ ಪಾಠದ ಪುಸ್ತಕದ ಮಾದರಿಯಲ್ಲಿ. ಈ ಪೀಳಿಗೆಯ ಕಾವ್ಯದಲ್ಲಿ ಆಲಿವ್ ಮರ ಕಡಿಮೆ. ಡ್ರೋನ್ ಸದ್ದು, ಕರೆಂಟು ಹೋದ ರಾತ್ರಿ, ಗೋಡೆ ಬಿದ್ದ ಕೋಣೆ, ಸತ್ತವರ ಹೆಸರು, ವಯಸ್ಸು. ನನ್ನ ಜನ ಸಾಯುತ್ತಿರುವಾಗ ಹೂವು, ಚಂದ್ರ ಎಂದು ಬರೆಯುವ ಪುರುಸೊತ್ತು ನನಗಿಲ್ಲ ಎಂದು ಅಮೆರಿಕದಲ್ಲಿರುವ ಪ್ಯಾಲೆಸ್ತೀನಿ ಕವಯಿತ್ರಿ ನೂರ್ ಹಿಂದಿ 2020ರ ತಮ್ಮ ಕವಿತೆಯಲ್ಲಿ ನೇರವಾಗಿ ಸಿಡಿದದ್ದು ಇದೇ ಜಾಡಿನ ಮಾತು. ಆದರೂ ಅದೇ ಕವಿತೆಯಲ್ಲಿ ಟ್ಯಾಂಕಿಗೆ ಕಲ್ಲೆಸೆಯುವ ಮಕ್ಕಳು ಮರುಕ್ಷಣ ಹೂಗಳಾಗುತ್ತಾರೆ. ಬೇಡವೆಂದರೂ ರೂಪಕ ಬಂದೇ ಬಿಟ್ಟಿತು. ಇದನ್ನು ನಾನು ಕವಿತೆಯ ಸೋಲು ಎನ್ನಲಾರೆ. ಸತ್ತ ಮಗುವಿನ ಎದುರು ನೇರ ಮಾತಿಗೂ ತ್ರಾಣ ಉಳಿಯುವುದಿಲ್ಲ.

ಕಾವ್ಯ ಎಲ್ಲವನ್ನೂ ಬದಲಿಸಬಲ್ಲದು ಎಂದು ಮೊದಲು ನಂಬಿದ್ದೆ, ಈಗ ಅದು ಬದಲಿಸುವುದು ಕವಿಯನ್ನು ಮಾತ್ರ ಅನಿಸುತ್ತದೆ ಎಂದು ದರ್ವೀಶ್ ಕೊನೆಯ ವರ್ಷಗಳಲ್ಲಿ ಹೇಳಿದ್ದ. ಸೋತು ಸುಸ್ತಾದವನ ಪ್ರಾಮಾಣಿಕ ಮಾತು, ಗೌರವಿಸುತ್ತೇನೆ. ಆದರೆ ಅವನ ಕವಿತೆ ಅವನು ಊಹಿಸದ ಕಡೆಗೆಲ್ಲ ಹೋಗಿದೆ, ನಮ್ಮ ದೇಶಕ್ಕೂ ಬಂದಿದೆ. 2016ರಲ್ಲಿ, ಪೌರತ್ವ ನೋಂದಣಿಯ ಕಾಗದಗಳಿಗಾಗಿ ಅಸ್ಸಾಮಿನ ಬಂಗಾಳಿ ಮೂಲದ ಮುಸ್ಲಿಮರು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾಗ, ಹಾಫಿಜ್ ಅಹ್ಮದ್ ಎಂಬ ಕವಿ ಬರೆದುಕೋ, ನಾನೊಬ್ಬ ಮಿಯಾ ಎಂಬ ಪದ್ಯ ಬರೆದರು. ದರ್ವೀಶನ ಅದೇ ನಮೂನೆ: ನೋಂದಣಿಯ ಕ್ರಮಸಂಖ್ಯೆ, ಇರುವ ಮಕ್ಕಳು, ಮುಂದಿನ ಬೇಸಿಗೆಗೆ ಇನ್ನೊಂದು ಮಗು. ಅದುವರೆಗೆ ಬೈಗುಳವಾಗಿದ್ದ ಮಿಯಾ ಎಂಬ ಶಬ್ದವನ್ನು ಅವರು ತಮ್ಮ ಹೆಸರಾಗಿಸಿಕೊಂಡರು. ಅದಕ್ಕೆ ಉತ್ತರವಾಗಿ ಇನ್ನೊಬ್ಬರು ಬರೆದರು, ಅದಕ್ಕೆ ಮತ್ತೊಬ್ಬರು, ಹೀಗೆ ಮಿಯಾ ಕಾವ್ಯ ಎಂಬ ಒಂದು ಧಾರೆಯೇ ಹರಿಯಿತು. 2019ರ ಜುಲೈನಲ್ಲಿ ಗುವಾಹಟಿಯಲ್ಲಿ ಹತ್ತು ಮಂದಿಯ ಮೇಲೆ ಪೊಲೀಸರು ಪ್ರಕರಣ ದಾಖಲಿಸಿದರು. ಗೆಲಿಲಿಯ ಆ ಶಾಲಾ ಹುಡುಗನನ್ನು ಕರೆಸಿದ್ದ ಅಧಿಕಾರಿಗೆ ಇದ್ದ ತಕರಾರೇ ಇವರ ಮೇಲೂ ಇತ್ತು. ಹತ್ತೂ ಮಂದಿಗೆ ನಿರೀಕ್ಷಣಾ ಜಾಮೀನು ಸಿಕ್ಕಿತು, ಬರೆಯುವವರು ಬರೆಯುತ್ತಲೇ ಇದ್ದಾರೆ.